ಅವರಿವರನ್ನು ಕೇಳಿ ಪದಬಂಧ ತುಂಬಿದರೆ ತಪ್ಪೇನು?

ಪದಬಂಧ ತುಂಬುವವರ ಬಗ್ಗೆ ನಮ್ಮ ಕಡೆ ಎರಡು ಮಾತು ಆಗಾಗ ಕಿವಿಗೆ ಬೀಳುತ್ತವೆ. ಒಂದು, ‘ಮಾಡಕ್ಕೆ ಕ್ಯಾಮೆ ಇಲ್ಲದೋರು’. ಇನ್ನೊಂದು, ‘ಅವರಿವರನ್ನ ಕೇಳ್ಕಂಡು ಬರೆದು ಬಹುಮಾನ ಹೊಡಿತಾರೆ’. ಮೊದಲನೆಯದಕ್ಕೆ ಉತ್ತರ ಕೊಡುವ ಅಗತ್ಯವಿಲ್ಲ. ಒಂದು ಟೀ ಕುಡಿದು ಮುಗಿಸುವಷ್ಟು ಹೊತ್ತಿನ ಆಟಕ್ಕೆ ಯಾರ ಹೊಲವೂ ಬೀಳು ಬಿದ್ದಿಲ್ಲ. ಎರಡನೆಯ ಮಾತಿಗೆ ಮಾತ್ರ ನಮ್ಮ ತಕರಾರಿದೆ. ಪದಬಂಧದಲ್ಲಿ ಅವರಿವರನ್ನು ಕೇಳುವುದು ಕಳ್ಳಾಟ ಅಲ್ಲ, ಆಟ ಇರುವುದೇ ಅದರಲ್ಲಿ ಎಂದು ನಾವು ಹೇಳುತ್ತೇವೆ.

ಚಾಮರಾಜನಗರದ ಟೀ ಅಂಗಡಿಗಳಲ್ಲಿ, ಗುಂಡ್ಲುಪೇಟೆಯ ಕಟಿಂಗ್ ಶಾಪುಗಳಲ್ಲಿ ಬೆಳಗಿನ ಪೇಪರು ಹೇಗೆ ಕೈ ಬದಲಾಯಿಸುತ್ತದೆ ಎಂದು ನೋಡಿದವರಿಗೆ ಇದು ಗೊತ್ತು. ಮೊದಲ ಪುಟ ಒಬ್ಬರ ಕೈಲಿ, ಕ್ರೀಡಾಪುಟ ಇನ್ನೊಬ್ಬರ ಕೈಲಿ. ಪದಬಂಧದ ಪುಟ ಮಾತ್ರ ಒಬ್ಬರ ಕೈಲಿ ನಿಲ್ಲುವುದಿಲ್ಲ. ಪುರಾಣದ ಸುಳುಹು ಬಂದರೆ ನಿವೃತ್ತ ಮೇಷ್ಟ್ರು ಬೇಕು. ಹಳೆ ಸಿನಿಮಾ ಬಂದರೆ ಟೈಲರ್ ಅಣ್ಣನೇ ಆಗಬೇಕು. ಗಿಡದ ಹೆಸರು, ದನದ ರೋಗದ ಹೆಸರು ಬಂದರೆ ಹಾಲು ಹಾಕಿ ಬಂದ ರೈತ. ಕ್ರಿಕೆಟ್ಟು, ಕಂಪ್ಯೂಟರ್ ಬಂದರೆ ಬಸ್ಸಿಗೆ ಕಾದು ನಿಂತ ಪಿಯುಸಿ ಹುಡುಗಿ. ‘ತಾಯಿ, ಮೂರಕ್ಷರ ಕಣವ್ವ, ಕೊನೇದು ರ, ಏನಿರಬೋದು?’ ಎಂದು ಅರವತ್ತರ ಮೇಷ್ಟ್ರು ಹದಿನೇಳರ ಹುಡುಗಿಯನ್ನು ಕೇಳುವ ಬೇರೆ ಜಾಗ ನಮ್ಮೂರಲ್ಲಿ ಎಷ್ಟಿವೆ, ನೀವೇ ಲೆಕ್ಕ ಹಾಕಿ. ಸಿನಿಮಾ ಸುಳುಹು ಬಂದಾಗ ಇಲ್ಲಿ ಗಲಾಟೆ ಸ್ವಲ್ಪ ಜಾಸ್ತಿ. ಗಾಜನೂರು ಕೂಗಳತೆಯಲ್ಲಿರುವ ಕಡೆ ರಾಜ್‌ಕುಮಾರ್ ಸಿನಿಮಾದ ಹೆಸರು ತಪ್ಪು ಹೇಳಿ ಬದುಕಿ ಬರುವುದು ಕಷ್ಟ.

ಸ್ಪರ್ಧೆಯ ಪದಬಂಧದ ಕತೆ ಇನ್ನೂ ಚೆನ್ನಾಗಿದೆ. ವಾರಪತ್ರಿಕೆಯ ಚೌಕಟ್ಟು ಕತ್ತರಿಸಿ, ತುಂಬಿ, ಹೆಸರು ವಿಳಾಸ ಬರೆದು ಕೊನೆಯ ದಿನದೊಳಗೆ ತಲುಪುವ ಹಾಗೆ ಟಪಾಲಿಗೆ ಹಾಕಬೇಕು. ಜೆರಾಕ್ಸ್ ನಡೆಯುವುದಿಲ್ಲ. ಸರಿಯುತ್ತರ ಬಹಳ ಬಂದರೆ ಚೀಟಿ ಎತ್ತುತ್ತಾರೆ. ಗೆದ್ದವರ ಹೆಸರು ಊರು ಅಚ್ಚಾಗುತ್ತದೆ. ಹೀಗೆ ಅಚ್ಚಾದ ಹೆಸರು ನೋಡಿ, ‘ಓ, ಇವ್ರು ನಮ್ಮ ತೆರಕಣಾಂಬಿಯವ್ರಲ್ವಾ’ ಎಂದು ಹುಡುಕಿಕೊಂಡು ಹೋಗಿ ಗೆಳೆಯರಾದವರು ನಮ್ಮ ಹಿರಿಯರಲ್ಲಿ ಇದ್ದಾರೆ. ಆಮೇಲೆ ಫೋನು ಬಂತು. ‘ಮೇಷ್ಟ್ರೇ, ಮೇಲಿನಿಂದ ಕೆಳಕ್ಕೆ ಹನ್ನೊಂದು ಆಯ್ತಾ ನಿಮ್ದು?’ ಎಂದು ಶುರುವಾದ ಮಾತು ಮಗಳ ಮದುವೆ, ಬೋರ್‌ವೆಲ್ಲು, ಮಂಡಿನೋವು ಎಲ್ಲ ಸುತ್ತಿ ಮತ್ತೆ ಹನ್ನೊಂದಕ್ಕೇ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಚೀಟಿ ಎತ್ತುವ ಸ್ಪರ್ಧೆಯಲ್ಲಿ ಗೆಳೆಯನಿಗೆ ಉತ್ತರ ಹೇಳಿಕೊಟ್ಟರೆ ಡಬ್ಬಿಗೆ ಇನ್ನೊಂದು ಸರಿಯುತ್ತರ ಬಿದ್ದ ಹಾಗೆ. ತನ್ನ ಬಹುಮಾನಕ್ಕೆ ತಾನೇ ಪೈಪೋಟಿ ತಂದುಕೊಂಡ ಹಾಗೆ. ಅದು ಗೊತ್ತಿದ್ದೂ ಹೇಳಿಕೊಡುತ್ತಾರೆ. ಅಂಚೆ ಇಲಾಖೆಯಲ್ಲಿ ಸಾದಾ ಪೋಸ್ಟ್ ಕಾರ್ಡಿಗೆ 50 ಪೈಸೆ, ಸ್ಪರ್ಧೆಗೆ ಕಳಿಸುವ ಕಾರ್ಡ್ ಎಂದರೆ 10 ರೂಪಾಯಿ. ಪುಸ್ತಕವೋ ನೂರಿನ್ನೂರು ರೂಪಾಯಿಯೋ ಬಹುಮಾನ. ದುಡ್ಡಿನ ಲೆಕ್ಕದಲ್ಲಿ ನೋಡಿದರೆ ಇವರೆಲ್ಲ ದಡ್ಡರು. ಬಹುಮಾನಕ್ಕೋಸ್ಕರ ಆಡುವವರಾಗಿದ್ದರೆ ಇವರು ಯಾವತ್ತೋ ಬಿಟ್ಟಿರುತ್ತಿದ್ದರು.

ದೊಡ್ಡ ದುಡ್ಡು ಬಂದರೆ ಪದಬಂಧ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬ ಪತ್ರಕರ್ತ ಶುರು ಮಾಡಿದ ಈ ಆಟ 1950ರ ಹೊತ್ತಿಗೆ ನಮ್ಮ ದೇಶದಲ್ಲಿ ದೊಡ್ಡ ವ್ಯಾಪಾರವಾಗಿತ್ತು. ಆಗಿನ ಮೈಸೂರು ರಾಜ್ಯದ ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಆರ್.ಎಂ.ಡಿ.ಸಿ. ಹೆಸರಿನ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪ್ರವೇಶ ಶುಲ್ಕ ಕಟ್ಟಿ ಆಡಬೇಕು. ಬೊಂಬಾಯಿ ರಾಜ್ಯದಿಂದಲೂ ರಾಶಿ ರಾಶಿ ಚೀಟಿ ಬರುತ್ತಿದ್ದವು. ಆ ಕಾಲದ ಇಂಥ ಸ್ಪರ್ಧೆಗಳ ಚಮತ್ಕಾರ ಏನೆಂದರೆ ಒಂದೇ ಸುಳುಹಿಗೆ ಎರಡು ಮೂರು ಉತ್ತರ ಸರಿಯಾಗಿ ಕೂರುತ್ತಿದ್ದವು. ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ರೈತ ಕಾಯುವುದು ಇದಕ್ಕೆ’, ಎರಡಕ್ಷರ, ಕೊನೆಯದು ‘ಳೆ’. ಮಳೆಯೂ ಸರಿ, ಬೆಳೆಯೂ ಸರಿ. ಸಂಪಾದಕರು ಲಕೋಟೆಯಲ್ಲಿ ಮುಚ್ಚಿಟ್ಟಿರುವುದು ಯಾವುದೋ ಅದೇ ಗೆದ್ದಿತು. ಬುದ್ಧಿಗೆ ಅಲ್ಲಿ ಏನು ಕೆಲಸ?

ಕಡೆಗೆ 1955ರಲ್ಲಿ ಸಂಸತ್ತು ಬಹುಮಾನ ಸ್ಪರ್ಧೆಗಳ ಕಾಯ್ದೆ ತಂದಿತು. ತಿಂಗಳಿಗೆ ಸಾವಿರ ರೂಪಾಯಿಗಿಂತ ಹೆಚ್ಚು ಬಹುಮಾನ ಕೂಡದು, ಎರಡು ಸಾವಿರಕ್ಕಿಂತ ಹೆಚ್ಚು ಪ್ರವೇಶ ಕೂಡದು ಎಂದಿತು. ಕಾಯ್ದೆಯಲ್ಲಿ ಪದಬಂಧದ ಹೆಸರನ್ನೇ ಎತ್ತಿ ಬರೆಯಲಾಗಿದೆ! ಆರ್.ಎಂ.ಡಿ.ಸಿ.ಯವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1957ರ ಏಪ್ರಿಲ್ 9ರಂದು ತೀರ್ಪು ಬಂತು. ಅವರ ಸ್ಪರ್ಧೆ ಜೂಜಿನ ಸ್ವರೂಪದ್ದು ಎಂದಿತು ಕೋರ್ಟು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ನಿಜವಾಗಿ ಬುದ್ಧಿಯಿಂದ ಗೆಲ್ಲುವ ಸ್ಪರ್ಧೆಗಳಿಗೆ 1955ರ ಕಾಯ್ದೆ ಅನ್ವಯಿಸುವುದಿಲ್ಲ ಎಂದೂ ಹೇಳಿತು. ದೇಶದ ದೊಡ್ಡ ಕೋರ್ಟು ಕೂತು ಪದಬಂಧದಲ್ಲಿ ಬುದ್ಧಿಯ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂದು ಅಳೆದದ್ದು ನಮ್ಮ ಟೀ ಅಂಗಡಿಯ ಗೆಳೆಯರಿಗೆ ಗೊತ್ತಾದರೆ ಎದೆ ಉಬ್ಬಿಸಿಕೊಳ್ಳುತ್ತಾರೆ.

ಇದೇ ಕತೆ ನಮ್ಮ ಕಣ್ಣೆದುರು ಮತ್ತೆ ನಡೆಯಿತು. ರಮ್ಮಿ, ತಂಡ ಕಟ್ಟುವ ಕ್ರಿಕೆಟ್ಟು ಎಲ್ಲ ‘ಬುದ್ಧಿವಂತಿಕೆಯ ಆಟ’ ಎಂದು ಹೇಳಿಕೊಂಡೇ ಹಳ್ಳಿ ಹುಡುಗರ ಫೋನಿಗೆ ನುಗ್ಗಿದವು. 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಕೇಂದ್ರ ನಿಷೇಧದ ಕಾಯ್ದೆ ತರಬೇಕಾಯಿತು. ಆ ಆಟ ಆಡಿ ಸೋತವನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಹೊದಿಕೆಯೊಳಗೇ ಸೋಲುತ್ತಾನೆ. ಪದಬಂಧದಲ್ಲಿ ಒಂದು ಮನೆ ತುಂಬದೆ ಉಳಿದರೆ ಅದನ್ನು ಊರಿಗೆಲ್ಲ ಸಾರಿಕೊಂಡು ತಿರುಗುತ್ತಾರೆ.

ಕನ್ನಡದ ಪದಬಂಧಕ್ಕೆ ಇನ್ನೊಂದು ಕಷ್ಟವಿದೆ, ಅದೂ ಜನರನ್ನು ಒಂದು ಕಡೆ ಸೇರಿಸುತ್ತದೆ ಎಂದು ನಮ್ಮ ಅಂದಾಜು. ಇಂಗ್ಲಿಷಿನಲ್ಲಿ ಚಾಮರಾಜನಗರ ಬರೆಯಲು 14 ಮನೆ ಬೇಕು, ಕನ್ನಡದಲ್ಲಿ ಏಳೇ ಸಾಕು. ಗುಂಡ್ಲುಪೇಟೆಗೆ ನಾಲ್ಕು: ಗುಂ, ಡ್ಲು, ಪೇ, ಟೆ. ಒತ್ತಕ್ಷರ, ಸೊನ್ನೆ, ಕೊಂಬು, ದೀರ್ಘ ಎಲ್ಲ ಸೇರಿ ಒಂದು ಮನೆ. ಅಡ್ಡ ಬರುವ ಪದದಲ್ಲೂ ಅದೇ ‘ಡ್ಲು’ ಇರಬೇಕು, ‘ಡ’ ಇದ್ದರೆ ನಡೆಯುವುದಿಲ್ಲ. ಇಂಥದ್ದನ್ನು ಹೆಣೆಯುವುದು ಹುಡುಗಾಟವಲ್ಲ. ಕೋಲಾರ ಜಿಲ್ಲೆಯ ಅಬ್ಬಣಿಯ ಅ.ನಾ. ಪ್ರಹ್ಲಾದರಾವ್ ಮೂವತ್ತು ಸಾವಿರಕ್ಕೂ ಹೆಚ್ಚು ಕನ್ನಡ ಪದಬಂಧ ಹೆಣೆದು ಲಿಮ್ಕಾ ದಾಖಲೆ ಪುಸ್ತಕ ಸೇರಿದ್ದಾರೆ. ರಾಜ್‌ಕುಮಾರ್ ಬಗ್ಗೆ ಪುಸ್ತಕ ಬರೆದವರೂ ಅವರೇ.

ತುಂಬುವವರ ಜಗಳ ಬೇರೆ ಥರದ್ದು. ಅರಿಶಿನ, ಅರಿಸಿನ, ಅರಶಿನ, ಯಾವುದು ಸರಿ? ನಾಲ್ಕು ಮನೆಗೆ ಮೂರೂ ಕೂರುತ್ತವೆ. ಗುಂಡ್ಲುಪೇಟೆಯಲ್ಲಿ ಅರಿಶಿನ ಬೆಳೆಯುವವನಿಗೆ ಅದರ ರೇಟು ಗೊತ್ತು, ಕಾಗುಣಿತಕ್ಕೆ ಮೇಷ್ಟ್ರನ್ನು ಕೇಳುತ್ತಾನೆ. ಮೇಷ್ಟ್ರು ನಿಘಂಟು ತೆಗೆಯುತ್ತಾರೆ. ಅಷ್ಟರಲ್ಲಿ ಟೀ ಅಂಗಡಿಯವನು ಅಡ್ಡಪದ ಹಿಡಿದು ‘ಶಿ ಕನ ಸಾ, ಅದು ಶಿನೇಯ’ ಎಂದು ತೀರ್ಮಾನ ಕೊಟ್ಟುಬಿಟ್ಟಿರುತ್ತಾನೆ.

ಈಗ ಆತಂಕ ಏನು ಎಂದರೆ ಈ ಬೆಂಚುಗಳು ಖಾಲಿಯಾಗುತ್ತಿವೆ. ಪೇಪರು ತರಿಸುವುದನ್ನು ಒಂದೊಂದೇ ಅಂಗಡಿ ನಿಲ್ಲಿಸಿದೆ. ಸುದ್ದಿ ಎಲ್ಲರ ಫೋನಿನಲ್ಲೂ ಬರುತ್ತದೆ, ಸರಿ. ಪದಬಂಧವೂ ಫೋನಿನಲ್ಲಿ ಸಿಗುತ್ತದೆ, ಅದೂ ಸರಿ. ಆದರೆ ಅಲ್ಲಿ ಗೊತ್ತಾಗದಿದ್ದರೆ ಒಂದು ಗುಂಡಿ ಒತ್ತಿದರೆ ಉತ್ತರವೇ ಬಂದುಬಿಡುತ್ತದೆ. ಕೇಳುವುದಕ್ಕೆ ಮೇಷ್ಟ್ರು ಬೇಡ. ಕಣ್ಣು ಮಂಜಾದ ಮೇಷ್ಟ್ರಿಗೆ ಆ ಪುಟ್ಟ ಪರದೆಯ ಮೇಲಿನ ಮನೆಗಳು ಕಾಣುವುದೂ ಇಲ್ಲ. ಅವರನ್ನು ದಿನಕ್ಕೆ ಒಂದು ಸಲವಾದರೂ ಯಾರಾದರೂ ಏನಾದರೂ ಕೇಳುತ್ತಿದ್ದರು, ಈಗ ಅದೂ ನಿಂತಿದೆ.

ನಮ್ಮ ಒತ್ತಾಯ ಇಷ್ಟು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ಪೇಪರು ಬರುವ ಕಡೆ ಆ ದಿನದ ಪದಬಂಧವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಲಿ. ಪಕ್ಕದಲ್ಲಿ ಸೀಮೆಸುಣ್ಣ ಇಡಲಿ. ಗೊತ್ತಿದ್ದವರು ಒಂದು ಪದ ತುಂಬಿ ಹೋಗಲಿ. ಅನುದಾನ ಬೇಡ, ಆದೇಶ ಬೇಡ. ತಿಂಗಳಿಗೊಂದು ಸ್ಪರ್ಧೆ ಇಟ್ಟರೆ ಇಬ್ಬರು ಮೂವರ ತಂಡಕ್ಕೆ ಇಡಲಿ, ಅದರಲ್ಲಿ ಒಬ್ಬರು ಅರವತ್ತು ದಾಟಿದವರು, ಒಬ್ಬರು ಶಾಲೆಗೆ ಹೋಗುವವರು ಇರಲೇಬೇಕು ಎನ್ನಲಿ. ಬಹುಮಾನಕ್ಕೆ ಒಂದು ಪುಸ್ತಕ ಸಾಕು.

ಸುಳುಹುಗಳನ್ನೂ ನಾವೇ ಮಾಡಿಕೊಳ್ಳಬಹುದು. ಪತ್ರಿಕೆಗಳ ಪದಬಂಧದಲ್ಲಿ ಇಂದ್ರನಿಗೆ, ಕಮಲಕ್ಕೆ ಎಷ್ಟು ಹೆಸರಿವೆ ಎಂದು ಕಲಿತು ನಮ್ಮವರಿಗೆ ಸಾಕಾಗಿದೆ. ಕಂಸಾಳೆ ಮೂರು ಮನೆ, ನೀಲಗಾರ ನಾಲ್ಕು ಮನೆ, ಕಾಳು ತುಂಬಿಡುವ ಹಗೇವು ಮೂರು ಮನೆ. ಹಗೇವು ಎಂದರೆ ಏನೆಂದು ಇವತ್ತಿನ ಹುಡುಗರಿಗೆ ಹೇಳುವುದಕ್ಕೆ ಅಜ್ಜಿಯೇ ಬೇಕು.

ಶುರುವಿಗೆ ನಾವೇ ಎರಡು ಕೊಡುತ್ತೇವೆ, ಇವತ್ತು ಸಂಜೆ ಬೋರ್ಡಿನ ಮೇಲೆ ಬರೆದು ನೋಡಿ. ಎಡದಿಂದ ಬಲಕ್ಕೆ: 1818ರಲ್ಲಿ ಚಾಮರಾಜನಗರ ಎಂದು ಹೆಸರು ಬದಲಾಗುವ ಮೊದಲು ಈ ಊರಿಗೆ ಇದ್ದ ಹೆಸರು, ಐದಕ್ಷರ. ಮೇಲಿನಿಂದ ಕೆಳಕ್ಕೆ: ಜಿ.ಪಿ. ರಾಜರತ್ನಂ ಅವರ ಹೆಸರಿನಲ್ಲಿರುವ ‘ಜಿ.ಪಿ.’, ಅದೂ ಐದಕ್ಷರ, ಮೊದಲನೆಯದು ‘ಗುಂ’. ಉತ್ತರ ಇಲ್ಲಿ ಹಾಕುವುದಿಲ್ಲ. ನಿಮ್ಮೂರ ಮೇಷ್ಟ್ರಿಗೆ ಗೊತ್ತಿರುತ್ತದೆ.