ಗೌಂಡಿ ಕೆಲಸ ಮತ್ತು ಗಾಜಾ ಯುದ್ಧ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯುವಕರು ಗೌಂಡಿ ಕೆಲಸಕ್ಕೆ ಗೋವಾ, ಪುಣೆಗೆ ಹೋಗುವುದು ಹೊಸದೇನಲ್ಲ. ಇಸ್ರೇಲ್–ಪ್ಯಾಲೆಸ್ಟೀನ್ ಸಂಘರ್ಷ ಮಾತ್ರ ದೂರದ ಸುದ್ದಿ ಎಂದುಕೊಳ್ಳುತ್ತೇವೆ. ಆದರೆ ಅದು ಉದ್ಯೋಗಾವಕಾಶದ ರೂಪದಲ್ಲಿ ನಮ್ಮ ದೇಶಕ್ಕೂ ಬಂದಿದೆ.

ಇಸ್ರೇಲಿನ ಕಟ್ಟಡಗಳಲ್ಲಿ ಪಶ್ಚಿಮ ದಂಡೆಯ ಸಾವಿರಾರು ಪ್ಯಾಲೆಸ್ಟೀನಿಯರು ದುಡಿಯುತ್ತಿದ್ದರು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ಬಳಿಕ ಇಸ್ರೇಲ್ ಅವರ ಕೆಲಸದ ಪರವಾನಗಿಗಳನ್ನು ತಡೆಹಿಡಿಯಿತು. ಭಾರತದೊಂದಿಗೆ ಕಾರ್ಮಿಕರ ಒಪ್ಪಂದ ಅದೇ ವರ್ಷದ ಮೇ ತಿಂಗಳಲ್ಲೇ ಆಗಿತ್ತು. ಯುದ್ಧ ಅದಕ್ಕೆ ವೇಗ ಕೊಟ್ಟಿತು. 2024ರ ಜನವರಿಯಲ್ಲಿ ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಸೆಂಟ್ರಿಂಗ್, ಪ್ಲಾಸ್ಟರ್, ಟೈಲ್ಸ್, ಕಬ್ಬಿಣ ಕಟ್ಟುವ ಕೆಲಸಕ್ಕೆ ಆಯ್ಕೆ ಪರೀಕ್ಷೆ ನಡೆಯಿತು. ಸಂಬಳ ತಿಂಗಳಿಗೆ ಸುಮಾರು 1.37 ಲಕ್ಷ ರೂಪಾಯಿ. ಯಾರಿಗೆ ಆಸೆಯಾಗುವುದಿಲ್ಲ?

ಆದರೆ ಅದೇ ಮಾರ್ಚ್‌ನಲ್ಲಿ ಲೆಬನಾನ್ ಗಡಿ ಬಳಿ ಕ್ಷಿಪಣಿ ಬಿದ್ದು, ತೋಟದಲ್ಲಿ ದುಡಿಯುತ್ತಿದ್ದ ಕೇರಳದ ಯುವಕನೊಬ್ಬ ಪ್ರಾಣ ಕಳೆದುಕೊಂಡ. ಕೇಂದ್ರ ಕಾರ್ಮಿಕ ಸಂಘಟನೆಗಳು ಈ ನೇಮಕಾತಿಯನ್ನು ವಿರೋಧಿಸಿದ್ದವು.

2020ರ ಲಾಕ್‌ಡೌನ್‌ನಲ್ಲಿ ಗೋವಾ ಗಡಿ ಮುಚ್ಚಿದಾಗ ದುಡಿಯಲು ಹೋದವರ ಮನೆಗಳ ಪಾಡು ನಾವು ಕಂಡಿದ್ದೇವೆ. ಪಶ್ಚಿಮ ದಂಡೆಯ ಗೌಂಡಿಯ ಮನೆಯೂ ಹಾಗೆಯೇ ಅಲ್ಲವೇ? ಅವನಿಗೆ ಬಾಗಿಲು ಮುಚ್ಚಿದ್ದರಿಂದಲೇ ನಮಗೆ ಅದು ಅಗಲವಾಗಿ ತೆರೆದದ್ದು.

ಹೋಗುವವರನ್ನು ನಾನು ದೂರುವುದಿಲ್ಲ. ಊರಲ್ಲಿ ಕೆಲಸವಿದ್ದರೆ ಯಾರೂ ಯುದ್ಧಭೂಮಿಗೆ ಹೋಗುವುದಿಲ್ಲ. ಆದರೆ ಪ್ಯಾಲೆಸ್ಟೀನನ್ನು 1988ರಲ್ಲಿ ಮಾನ್ಯ ಮಾಡಿ, 1992ರಲ್ಲಿ ಇಸ್ರೇಲ್ ಜತೆ ರಾಜತಾಂತ್ರಿಕ ಸಂಬಂಧ ಬೆಳೆಸಿದ ದೇಶ ನಮ್ಮದು. ಇಬ್ಬರಿಗೂ ಬೇಕಾದ ನಾವು ಶಾಂತಿಗಾಗಿ ಗಟ್ಟಿಯಾಗಿ ಮಾತಾಡಬೇಕು. ಗೆಳೆಯರೇ, ಸಹಿ ಹಾಕುವ ಮುನ್ನ ಕೆಲಸದ ಜಾಗ ಎಲ್ಲಿ, ವಿಮೆ ಯಾರದು, ಆಪತ್ತು ಬಂದರೆ ಕರೆತರುವವರು ಯಾರು ಎಂದು ಬರಹದಲ್ಲೇ ಕೇಳಿ.