ಡೆನಿಯರ್: ನಾಣ್ಯದ ಹೆಸರು, ನೂಲಿನ ಅಳತೆ

ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವರ ಬಾಯಲ್ಲಿ ಸದಾ ಇರುವ ಮಾತು ‘ಡೆನಿಯರ್’. ‘20-22 ಡೆನಿಯರ್ ನೂಲು’ ಎಂದರೆ ಚರಕದವರಿಗೂ ಕಾಟೇಜ್ ಬೇಸಿನ್‌ನವರಿಗೂ ಕೂಡಲೇ ತಿಳಿಯುತ್ತದೆ. ಆ ನೂಲಿಗೆ ಗೂಡು ಬೆಳೆದುಕೊಟ್ಟ ರೈತರನ್ನು ಕೇಳಿದರೆ, ‘ಅದು ರೀಲರುಗಳ ಲೆಕ್ಕ ಸಾರ್, ನಮಗ್ಯಾಕೆ?’ ಎನ್ನುತ್ತಾರೆ. ಈ ಲೆಕ್ಕ ರೈತರದೂ ಹೌದು ಎಂಬುದೇ ನನ್ನ ವಾದ.

ಡೆನಿಯರ್ ಫ್ರೆಂಚರ ಮಾತು. ಮೂಲದಲ್ಲಿ ಅದು ನಾಣ್ಯದ ಹೆಸರು. ರೋಮನ್ನರ ‘ಡಿನೇರಿಯಸ್’ ಎಂಬ ಬೆಳ್ಳಿ ನಾಣ್ಯದಿಂದ ಅದು ಬಂತು. ಇಂದಿನ ಕುವೈತ್, ಇರಾಕ್ ದೇಶಗಳ ದಿನಾರ್ ಕೂಡ ಅದೇ ಬೇರಿನದು. ಫ್ರಾನ್ಸಿನಲ್ಲಿ 240 ಡೆನಿಯರ್ ಸೇರಿದರೆ ಒಂದು ಲೀವ್ರ್. ಬರಬರುತ್ತಾ ನಾಣ್ಯದಲ್ಲಿ ಬೆಳ್ಳಿ ಕರಗಿ ತಾಮ್ರವೇ ಉಳಿಯಿತು. 1789ರ ಕ್ರಾಂತಿಯ ನಂತರ ದಶಮಾಂಶ ನಾಣ್ಯ ಬಂದು ಡೆನಿಯರ್ ಚಲಾವಣೆಯಿಂದಲೇ ಹೋಯಿತು. ಆದರೆ ಸಣ್ಣ ತೂಕದ ಹೆಸರಾಗಿ ರೇಷ್ಮೆಯವರಲ್ಲಿ ಉಳಿದುಕೊಂಡಿತು. ನಮ್ಮ ಹಿರಿಯರು ‘ಒಂದು ರೂಪಾಯಿ ತೂಕ’ ಎನ್ನುತ್ತಿರಲಿಲ್ಲವೇ, ಹಾಗೆ.

ಈಗಿನ ಲೆಕ್ಕ ಸರಳ. 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರ್. ಹತ್ತಿಯ ಕೌಂಟ್ ಏರಿದಷ್ಟೂ ನೂಲು ಸಣ್ಣ. ಡೆನಿಯರ್ ಏರಿದಷ್ಟೂ ದಪ್ಪ. ಒಂದು ಗೂಡಿನ ಎಳೆ ಎರಡೂವರೆ ಡೆನಿಯರ್ ಇದ್ದರೆ, ಎಂಟು ಗೂಡುಗಳ ಎಳೆ ಕೂಡಿಸಿದಾಗ 20 ಡೆನಿಯರ್ ನೂಲಾಗುತ್ತದೆ.

ಈಗ ರೈತರ ವಿಷಯ. ಎರಡೂವರೆ ಡೆನಿಯರಿನ ಎಳೆ 900 ಮೀಟರ್ ಬಂದರೆ ಒಂದು ಗೂಡಿನಿಂದ ಕಾಲು ಗ್ರಾಂ ರೇಷ್ಮೆ. 720 ಮೀಟರ್‌ಗೇ ಮುಗಿದರೆ 0.20 ಗ್ರಾಂ ಮಾತ್ರ. ಆದರೂ ತಕ್ಕಡಿಯಲ್ಲಿ ಎರಡು ಗೂಡೂ ಒಂದೇ ತೂಗಬಹುದು. ಗೂಡಿನ ತೂಕದಲ್ಲಿ ಐದಕ್ಕೆ ನಾಲ್ಕು ಪಾಲು ಒಳಗಿನ ಕೋಶದ್ದೇ. ರೆಂಡಿಟ್ಟ 7 ಬಂದರೆ 56 ಕಿಲೋ ಗೂಡಿನಿಂದ 8 ಕಿಲೋ ನೂಲು. ರೆಂಡಿಟ್ಟ 8 ಆದರೆ 7 ಕಿಲೋ. ಈ ಒಂದು ಕಿಲೋ ವ್ಯತ್ಯಾಸ ನೂಲು ಬಿಚ್ಚಿದವರಿಗೆ ಗೊತ್ತಾಗುತ್ತದೆ, ಬೆಳೆದವರಿಗೆ ಗೊತ್ತಾಗುವುದಿಲ್ಲ. ಕಣ್ಣಳತೆ, ಕೈಯಳತೆಗಳ ಮೇಲೆ ಹರಾಜು ನಡೆದರೆ ಒಳ್ಳೆಯ ಬೆಳೆಗಾರನಿಗೇ ನಷ್ಟ.

ರೀಲರುಗಳ ಕಷ್ಟವನ್ನೂ ಅಲ್ಲಗಳೆಯಲಾಗದು. ಮೇಲೆ ಚೆನ್ನಾಗಿ ಕಂಡ ಗೂಡು ಬಿಸಿನೀರಿನಲ್ಲಿ ಮೋಸ ಮಾಡಿದರೆ ನಷ್ಟ ಅವರದೇ. ಗೂಡು ಪರೀಕ್ಷೆಗೆಂದು ದಿನಗಟ್ಟಲೆ ಕಾಯುವಂತೆಯೂ ಇಲ್ಲ. ತಡವಾದರೆ ಚಿಟ್ಟೆ ಹೊರಬರುತ್ತದೆ. ಆದುದರಿಂದ ನನ್ನ ಸಲಹೆ ಚಿಕ್ಕದು: ಪ್ರತಿ ಲಾಟಿನಿಂದ ಒಂದು ಹಿಡಿ ಗೂಡು ತೆಗೆದು ಬಿಚ್ಚಿಸಿ, ಎಳೆಯ ಉದ್ದ, ಡೆನಿಯರ್, ರೆಂಡಿಟ್ಟ ಬರೆದ ಚೀಟಿಯನ್ನು ರೈತರ ಕೈಗೆ ಕೊಡಬೇಕು. ಹರಾಜು ಮುಗಿದ ಮೇಲೆ ಸಿಕ್ಕರೂ ಸರಿ. ಮುಂದಿನ ಬೆಳೆಗೆ ಅದು ದಾರಿ, ಮುಂದಿನ ಹರಾಜಿಗೆ ಅದು ಸಾಕ್ಷಿ.

ಅಲ್ಲಿಯವರೆಗೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. 25 ಗೂಡು ತೂಗಿ. ಕತ್ತರಿಸಿ ಕೋಶ ತೆಗೆದು, ಖಾಲಿ ಪದರವನ್ನು ತೂಗಿ. 50 ಗ್ರಾಂ ಗೂಡಿಗೆ 10 ಗ್ರಾಂ ಪದರ ಬಂದರೆ ನೂರಕ್ಕೆ 20. ದ್ವಿತಳಿಗೆ ಅದು ಒಳ್ಳೆಯ ಪ್ರಮಾಣ. ಹಣ್ಣಾದ ಹುಳುಗಳನ್ನು ಚಂದ್ರಿಕೆಯಲ್ಲಿ ಚದರಡಿಗೆ 40ರಿಂದ 50ಕ್ಕಿಂತ ಹೆಚ್ಚು ಬಿಡಬೇಡಿ. ಗೂಡು ಕಟ್ಟುವಾಗ ಗಾಳಿಯಾಡಲಿ; ತೇವ ನಿಂತರೆ ಬಿಚ್ಚುವಾಗ ಎಳೆ ತುಂಡಾಗುತ್ತದೆ. ಜೋಡಿ ಗೂಡು, ಕಲೆ ಗೂಡುಗಳನ್ನು ಆರಿಸಿ ಬೇರೆ ಮಾಡಿ.

ರೈತ ಬಾಂಧವರೇ, ಡೆನಿಯರ್ ಎಂಬ ನಾಣ್ಯ ಫ್ರಾನ್ಸಿನಲ್ಲಿ ಹೋಗಿ ಇನ್ನೂರು ವರ್ಷ ದಾಟಿತು. ನಿಮ್ಮ ಗೂಡಿನೊಳಗೆ ಮಾತ್ರ ಅದು ಇನ್ನೂ ಹಣವೇ. ಅದನ್ನು ಎಣಿಸಿಕೊಳ್ಳದೆ ಕೊಟ್ಟುಬರಬೇಡಿ.