ನೋವು ನೀಗಲಿ, ಜೀವವಲ್ಲ
ಗುಣವಾಗದ ಕಾಯಿಲೆಯಲ್ಲಿ ನರಳುವ ಮಗುವಿಗೆ ಸಾವನ್ನು ಕರುಣಿಸಬಹುದೇ? ಬೆಲ್ಜಿಯಂ 2014ರಲ್ಲಿ ದಯಾಮರಣಕ್ಕಿದ್ದ ವಯಸ್ಸಿನ ಮಿತಿಯನ್ನೇ ತೆಗೆದುಹಾಕಿತು. ನಮ್ಮಲ್ಲಿ ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದು ಅಪರಾಧ; ಫಲವಿಲ್ಲದ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಮಾತ್ರ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. ಅದಕ್ಕೆ ಬೇಕಾದ ವೈದ್ಯರ ಮಂಡಳಿಗಳ ಬಗ್ಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ಪ್ರಾಣ ತೆಗೆಯುವುದಕ್ಕೂ ಚಿಕಿತ್ಸೆ ನಿಲ್ಲಿಸುವುದಕ್ಕೂ ನಡುವಿನ ಈ ಗೆರೆ ಸರಿಯಾದದ್ದೇ. ಮಾತು ಬಾರದ ಕೂಸಿನ ಪರವಾಗಿ ಸಾವು ಕೇಳುವ ಹಕ್ಕು ಯಾರಿಗೂ ಇಲ್ಲ. ನೋವು ತಗ್ಗಿಸುವ ಹೊಣೆ ಮಾತ್ರ ಎಲ್ಲರದು. ಕಾಗವಾಡ ತಾಲ್ಲೂಕಿನ ಉಗಾರ ಬುದ್ರುಕದಲ್ಲಿ ಇಂಥ ಮಗುವಿದ್ದರೆ, ಅದರ ತಾಯಿಗೆ ಮೊದಲು ಬೇಕಾದದ್ದು ಮನೆಬಾಗಿಲಿಗೆ ಬರುವ ನರ್ಸ್, ನೋವಿಗೆ ಮಾರ್ಫಿನ್, ರಾತ್ರಿ ಒಂದಿಷ್ಟು ನಿದ್ದೆ. ಮಾರ್ಫಿನ್ ಪರವಾನಗಿಯ ತೊಡಕನ್ನು ಮಾದಕವಸ್ತು ಕಾಯ್ದೆಯ 2014ರ ತಿದ್ದುಪಡಿಯೇ ಸಡಿಲಿಸಿದೆ. ಇಂಥ ಉಪಶಾಮಕ ಆರೈಕೆಯನ್ನು ಸರ್ಕಾರ ಪ್ರತಿ ತಾಲ್ಲೂಕು ಆಸ್ಪತ್ರೆಗೂ ತರಲಿ.